ಸುಣ್ಣದ ಗಾರೆಯ ಗುಣ



ಕನಕಪುರದ ರಸ್ತೆಗೆ ಒತ್ತಿಕೊಂಡಿರುವ ಸಾರಕ್ಕಿ, ಈಗಿನವರ ಕಣ್ಣಿಗೆ ಜಯಪ್ರಕಾಶ ನಗರದ ಒಂದು ಮೂಲೆಯಾಗಿ, ಮಾರುಕಟ್ಟೆಗೂ ವಾಹನಗಳ ಸಂದಣಿಗೂ ಹೆಸರಾದ ಒಂದು ಕೂಡುರಸ್ತೆಯಾಗಿ ಕಾಣುವುದಾದರೂ, ಮೂಲತಃ 80 ಎಕರೆಗೂ ಮಿಕ್ಕ ಕೆರೆಯೊಂದನ್ನು ಆಶ್ರಯಿಸಿ ಬೆಳೆದ ಹಳ್ಳಿ. ಆ ಹಳ್ಳಿಯ ಹಳೆಯ ಬೀದಿಗಳಲ್ಲಿಯೂ, ಉತ್ತರಕ್ಕೆ ಜಯನಗರ ಬಸವನಗುಡಿಗಳಲ್ಲಿಯೂ, ಹಳೆಯ ಮನೆಗಳನ್ನು ಕೆಡವಿ ಅಂತಸ್ತಿನ ಮೇಲೆ ಅಂತಸ್ತನ್ನು ಏರಿಸುವ ಕಾರ್ಯ ವರ್ಷದುದ್ದಕ್ಕೂ ನಡೆಯುತ್ತಿರುತ್ತದೆ. ಕೆಡಹುವ ಸ್ಥಳದಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವ ವ್ಯವಧಾನವುಳ್ಳವರಿಗೆ ಅಲ್ಲಿ ಒಂದು ವ್ಯತ್ಯಾಸ ಗೋಚರಿಸದೆ ಇರದು. ಐವತ್ತು ವರ್ಷಗಳಿಂದೀಚಿನ ಸಿಮೆಂಟಿನ ಗೋಡೆ ಸುತ್ತಿಗೆಯ ಪೆಟ್ಟಿಗೆ ಹೆಂಟೆಹೆಂಟೆಯಾಗಿ ಒಡೆಯುತ್ತದೆ. ಇಟ್ಟಿಗೆಯನ್ನು ಗಾರೆಯಿಂದ ಬಿಡಿಸಲು ಹೋದರೆ ಗಾರೆ ಉಳಿದು ಇಟ್ಟಿಗೆಯೇ ಸೀಳುತ್ತದೆ. ಬಂದದ್ದೆಲ್ಲವೂ ಲಾರಿಯೇರಿ ಯಾವುದೋ ಹಳ್ಳವನ್ನು ತುಂಬಲು ಹೋಗುತ್ತದೆ. ಅದಕ್ಕಿಂತ ಹಿಂದಿನ, ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಾದರೋ, ವರಸೆ ವರಸೆಯಾಗಿ ಬಿಟ್ಟುಕೊಳ್ಳುತ್ತದೆ. ಕರಣೆಯ ಅಂಚಿನಿಂದ ಒಂದೆರಡು ಸಲ ಕೆರೆದರೆ ಸಾಕು, ಇಟ್ಟಿಗೆಯು ಗೂಡಿನಿಂದ ಬಂದ ದಿನ ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಕೈಗೆ ಬರುತ್ತದೆ; ಇನ್ನೊಂದು ಗೋಡೆಗೆ ಯೋಗ್ಯವಾಗಿರುತ್ತದೆ.

ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, ‘ಹಾಗಾದರೆ ಹಳೆಯ ಗಾರೆಯಲ್ಲಿ ಬಲವಿರಲಿಲ್ಲ’ ಎಂಬುದು. ಬಲವೆಂಬುದನ್ನು ಹಿಡಿತದ ಬಿಗಿಯೊಂದರಿಂದಲೇ ಅಳೆಯುವುದಾದರೆ ಆ ಮಾತು ಸರಿ. ಆದರೆ ಗೋಡೆಯ ಆಯುಸ್ಸನ್ನೂ ಅದರೊಳಗೆ ವಾಸಿಸುವವರ ಸೌಖ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು ವಿಚಾರಿಸಿದರೆ, ಗಾರೆಯು ತಾನು ಬೆಸೆಯುವ ಇಟ್ಟಿಗೆಗಿಂತ ಕೊಂಚ ಮೃದುವಾಗಿರುವುದೇ ಅದರ ಪರಮಗುಣ. ಹೊಲಿಗೆಯ ದಾರ ಬಟ್ಟೆಗಿಂತ ಗಟ್ಟಿಯಾದರೆ ಜಗ್ಗಿದಾಗ ಹರಿಯುವುದು ಬಟ್ಟೆ. ದಾರ ಸೋತರೆ ಹೊಲಿಗೆ ಬಿಚ್ಚುತ್ತದೆ, ಮತ್ತೆ ಹೊಲಿಯಬಹುದು. ಗೋಡೆಯ ಸಂದಿನಲ್ಲಿಯೂ ನಡೆಯುವುದು ಇದೇ. ಈ ಒಂದು ತತ್ತ್ವವನ್ನು ಹಿಡಿದುಕೊಂಡು ಸುಣ್ಣದ ವಿಷಯವಾಗಿ ಕೆಲವು ಮಾತುಗಳನ್ನು ಇಂದು ನಿಮ್ಮ ಮುಂದಿಡಬೇಕೆಂದು ನನ್ನ ಆಶಯ.

ಮೊದಲು ಸುಣ್ಣದ ವೃತ್ತಾಂತ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗಿ, 100 ಮಣ ಶುದ್ಧ ಕಲ್ಲಿಗೆ 56 ಮಣದಷ್ಟು ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಭೋರೆಂದು ಕುದಿದು, ಉಬ್ಬಿ, ಅರಳಿದ ಸುಣ್ಣವಾಗುತ್ತದೆ. ಈ ಅರಳಿದ ಸುಣ್ಣವನ್ನು ಮರಳಿನೊಡನೆ ಕಲಸಿ ಗೋಡೆಯ ಸಂದಿನಲ್ಲಿಟ್ಟಾಗ, ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು, ಗೂಡಿಗೆ ಹೋಗುವ ಮೊದಲು ಏನಾಗಿತ್ತೋ ಅದೇ ಆಗಿ, ಅಂದರೆ ಪುನಃ ಕಲ್ಲಾಗಿ ಪರಿಣಮಿಸುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಪರಿವರ್ತನೆ ವಾರಗಳ ಕೆಲಸವಲ್ಲ. ಗೋಡೆಯ ಹೊರಮೈಯಲ್ಲಿ ತಿಂಗಳುಗಳು, ದಪ್ಪಗೋಡೆಯ ಒಡಲಿನಲ್ಲಿ ದಶಕಗಳು ಹಿಡಿಯುತ್ತವೆ. ಸುಣ್ಣದ ಎಲ್ಲ ಗುಣಗಳೂ, ಅದಕ್ಕೆ ಒದಗಿದ ಎಲ್ಲ ಅನಾದರವೂ, ಈ ಮಂದಗತಿಯಿಂದಲೇ ಹುಟ್ಟಿದವು.

ಯಾವ ಮನೆಯೂ ಕಟ್ಟಿದಂತೆಯೇ ನಿಶ್ಚಲವಾಗಿ ನಿಲ್ಲುವುದಿಲ್ಲ. ತಳಪಾಯ ಮೊದಲ ಕೆಲವು ಮಳೆಗಾಲಗಳಲ್ಲಿ ಅಲ್ಪಸ್ವಲ್ಪ ಕುಸಿಯುತ್ತದೆ. ಬೇಸಗೆಯ ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಮಾಗಿಯ ಇರುಳಿಗೆ ಕುಗ್ಗುತ್ತದೆ. ಬಗಲಲ್ಲಿ ಭಾರದ ಗಾಡಿ ಹೋದರೆ ಅದಿರುತ್ತದೆ. ಸುಣ್ಣದ ಗಾರೆ ಇನ್ನೂ ಪೂರ್ಣ ಕಲ್ಲಾಗದ ಸ್ಥಿತಿಯಲ್ಲಿರುವುದರಿಂದ ಈ ಚಲನೆಗಳನ್ನು ನೂರಾರು ಸಂದುಗಳಲ್ಲಿ ಹಂಚಿಕೊಂಡು ಸಹಿಸುತ್ತದೆ. ಅಲ್ಲಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದರೂ, ಮಳೆಯ ನೀರು ಆ ಬಿರುಕಿಗಿಳಿದಾಗ ಗಾರೆಯಲ್ಲಿನ್ನೂ ಉಳಿದಿರುವ ಸುಣ್ಣವನ್ನು ಅಷ್ಟಿಷ್ಟು ಕರಗಿಸಿಕೊಂಡು, ಒಣಗುವ ವೇಳೆಗೆ ಅದನ್ನು ಬಿರುಕಿನಲ್ಲಿಯೇ ಇಳಿಸಿ, ಗಾಳಿಯ ಸಂಗದಿಂದ ಅದು ಅಲ್ಲಿಯೇ ಕಲ್ಲಾಗಿ, ಗಾಯ ತಾನಾಗಿ ಮಾಯುತ್ತದೆ. ಸಿಮೆಂಟಿನ ಬಿಗಿಯಾದ ಗಾರೆಗೆ ಈ ಸೈರಣೆಯಿಲ್ಲ. ಅದು ಮಣಿಯದೆ ನಿಂತು, ತಡೆಯಲಾರದಾದಾಗ ಒಂದೇ ದೊಡ್ಡ ಬಿರುಕಾಗಿ, ಕಿಟಕಿಯ ಮೂಲೆಯಿಂದ ಸೂರಿನವರೆಗೆ ಇಟ್ಟಿಗೆಗಳನ್ನೇ ಸೀಳಿಕೊಂಡು ಹೋಗುತ್ತದೆ.

ನಮ್ಮ ಬೆಂಗಳೂರಿನಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಾಧಾನ್ಯವುಂಟು. ಇಲ್ಲಿ ಕೈಯಚ್ಚಿನಲ್ಲಿ ಹೊಯ್ದು ಸುಟ್ಟ ಇಟ್ಟಿಗೆ ಉತ್ತರ ಹಿಂದೂಸ್ಥಾನದ ಗಂಗೆಯ ಬಯಲಿನ ಇಟ್ಟಿಗೆಯಷ್ಟು ಕಠಿಣವಲ್ಲ. ನೀರನ್ನೂ ಹೆಚ್ಚಾಗಿ ಕುಡಿಯುತ್ತದೆ. ಭಾರತೀಯ ವಿಜ್ಞಾನ ಮಂದಿರದ ತಜ್ಞರು ಈ ಪ್ರಾಂತದ ಇಟ್ಟಿಗೆಯನ್ನು ಪರೀಕ್ಷಿಸಿ, ವಾಡಿಕೆಯ ಸಿಮೆಂಟಿನ ಗಾರೆ ಅನೇಕ ವೇಳೆ ಇಟ್ಟಿಗೆಗಿಂತ ಬಿರುಸಾಗಿರುತ್ತದೆಂದೂ, ಗಾರೆಯ ಬಲವನ್ನು ಮತ್ತಷ್ಟು ಹೆಚ್ಚಿಸಿದ ಮಾತ್ರಕ್ಕೆ ಗೋಡೆಯ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವೆಂದೂ ತೋರಿಸಿದ್ದಾರೆ. ಗೋಡೆಗೆ ಬೇಕಾದದ್ದು ಗಾರೆಗೂ ಇಟ್ಟಿಗೆಗೂ ಒಳ್ಳೆಯ ಬೆಸುಗೆ. ಬರಿಯ ಸಿಮೆಂಟು ಮರಳುಗಳ ಗಾರೆಯನ್ನು ಒಣ ಇಟ್ಟಿಗೆಯ ಮೇಲೆ ಹರಡಿದೊಡನೆ ಇಟ್ಟಿಗೆ ಅದರ ನೀರನ್ನೆಲ್ಲ ಹೀರಿಬಿಡುತ್ತದೆ; ಸಿಮೆಂಟು ಕಚ್ಚಿಕೊಳ್ಳುವ ಮೊದಲೇ ಬಾಯಾರಿ ಪುಡಿಯಾಗುತ್ತದೆ. ಸುಣ್ಣ ಬೆರೆತ ಗಾರೆಯಾದರೋ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಇಟ್ಟಿಗೆಯ ಮೈಯ ತಗ್ಗುತಿಟ್ಟುಗಳನ್ನೆಲ್ಲ ತುಂಬುತ್ತದೆ. ಹಳಬರಾದ ಮೇಸ್ತ್ರಿಯೊಬ್ಬರು ಇದನ್ನೇ, ‘ಸುಣ್ಣ ಹಾಕಿದ್ರೆ ಗಾರೆ ಕರಣೆ ಮಾತು ಕೇಳ್ತದೆ ಸ್ವಾಮಿ, ಬರೀ ಸಿಮೆಂಟು ಹಟ ಮಾಡ್ತದೆ’ ಎಂದು ನನಗೆ ತಿಳಿಯಹೇಳಿದರು. ಪರೀಕ್ಷಾಮಂದಿರದ ಯಂತ್ರ ಅಳೆದು ಹೇಳಿದ್ದಕ್ಕೂ ಅವರ ಕೈ ಅರಿತದ್ದಕ್ಕೂ ನನಗೆ ಭೇದ ಕಾಣಲಿಲ್ಲ.

ಇನ್ನು ತೇವದ ಮಾತು. ಕೆರೆಯ ತಗ್ಗಿನಲ್ಲಿಯೂ, ಒಂದು ಕಾಲಕ್ಕೆ ಗದ್ದೆಯಾಗಿದ್ದ ಅಚ್ಚುಕಟ್ಟಿನ ನೆಲದಲ್ಲಿಯೂ ಮನೆ ಕಟ್ಟಿಕೊಂಡವರಿಗೆ, ಸಾರಕ್ಕಿಯೇ ಆಗಲಿ ಪುಟ್ಟೇನಹಳ್ಳಿಯೇ ಆಗಲಿ, ಈ ಕಷ್ಟ ಅಪರಿಚಿತವಲ್ಲ. ನೆಲದ ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳ ಮೂಲಕ ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಏರುತ್ತದೆ. ಏರುವಾಗ ಮಣ್ಣಿನ ಲವಣಗಳನ್ನೂ ಕರೆತರುತ್ತದೆ. ಗೋಡೆಯ ಗಿಲಾವು ಸುಣ್ಣದ್ದಾಗಿದ್ದರೆ, ಅದರ ರಂಧ್ರಗಳು ತೆರೆದಿರುವುದರಿಂದ, ಏರಿದ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಲವಣ ಹೊರಮೈಯಲ್ಲಿ ಬೆಳ್ಳಗೆ ಹೂಬಿಟ್ಟು ಗುಡಿಸಿದರೆ ಉದುರುತ್ತದೆ. ಗಿಲಾವು ಸಿಮೆಂಟಿನದಾಗಿ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣವನ್ನೂ ಬಳಿದಿದ್ದರೆ, ಹೊರಡಲು ದಾರಿಯಿಲ್ಲದ ನೀರು ಇನ್ನೂ ಮೇಲಕ್ಕೇರುತ್ತದೆ. ಲವಣ ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಚಕ್ಕೆಚಕ್ಕೆಯಾಗಿ ಹೊರಕ್ಕೆ ತಳ್ಳುತ್ತದೆ. ಮನೆಯಾತ ಆ ಚಕ್ಕೆಯನ್ನು ಕಂಡು, ಗಿಲಾವು ಸಾಲದಾಯಿತೆಂದು ತಿಳಿದು, ಹಿಂದಿಗಿಂತ ಗಟ್ಟಿಯಾದ ಸಿಮೆಂಟನ್ನು ಮೆತ್ತಿಸುತ್ತಾನೆ. ವ್ಯಾಧಿಗೆ ವ್ಯಾಧಿಯೇ ಮದ್ದಾಗುವ ಈ ದುರವಸ್ಥೆಯನ್ನು ಕಂಡಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಗಾಳಿಯನ್ನುಂಡು ಗಟ್ಟಿಯಾಗುವ ಸುಣ್ಣ ನೀರಿನೊಳಗೆ ಹೇಗೆ ನಿಂತೀತು? ಶುದ್ಧವಾದ ಸುಣ್ಣ ನಿಲ್ಲಲಾರದು; ನಿಜ. ಇದಕ್ಕೆ ನಮ್ಮ ಪೂರ್ವಿಕರು ಕಂಡುಕೊಂಡ ಉಪಾಯ ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ. ಹದವಾಗಿ ಬೆಂದ ಜೇಡಿಯಲ್ಲಿರುವ ಸಿಲಿಕವೂ ಅಲ್ಯೂಮಿನವೂ ಸುಣ್ಣದೊಡನೆ ನೀರಿನ ಸಾನ್ನಿಧ್ಯದಲ್ಲಿ ಸಂಯೋಗ ಹೊಂದಿ, ಗಾಳಿಯ ಹಂಗಿಲ್ಲದೆಯೇ ಗಟ್ಟಿಯಾಗುತ್ತವೆ. ರೋಮನರು ಇದೇ ಕಾರ್ಯಕ್ಕೆ ನೇಪಲ್ಸ್ ಕೊಲ್ಲಿಯ ಸುತ್ತಲಿನ ಜ್ವಾಲಾಮುಖಿಯ ಬೂದಿಯನ್ನು ಬಳಸಿದರೆಂದು ಅವರ ವಾಸ್ತುಶಿಲ್ಪಿ ವಿಟ್ರೂವಿಯಸನ ಗ್ರಂಥದಿಂದ ತಿಳಿಯುತ್ತದೆ. ನಮಗೆ ಜ್ವಾಲಾಮುಖಿ ಬೇಕಾಗಲಿಲ್ಲ. ಕುಂಬಾರನ ಆವಿಗೆಯೇ ಸಾಕಾಯಿತು.

ಇದರ ಸಾಕ್ಷ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿಯ ಕಟ್ಟೆ, ಶ್ರೀ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಅಗಲದಂತೆ ಸೇರಿಹೋಗಿರುವ ಆ ಕೃಷ್ಣರಾಜಸಾಗರ, ಸಿಮೆಂಟಿನ ಗಾರೆಯಿಂದ ನಿಂತದ್ದಲ್ಲ. ಕಲ್ಲನ್ನು ಸುಣ್ಣ ಸುರ್ಕಿಗಳ ಗಾರೆಯಲ್ಲಿ ಜೋಡಿಸಿ ಎಬ್ಬಿಸಿದ್ದು. ಸುಮಾರು 8,600 ಅಡಿ ಉದ್ದದ ಆ ಅಡ್ಡಗಟ್ಟು ಪ್ರತಿ ಮುಂಗಾರಿನಲ್ಲಿಯೂ ಕಾವೇರಿಯ ಭಾರವನ್ನು ಹೊರುತ್ತ ಬಂದಿದೆ. ಜಲಾಶಯದ ಮಟ್ಟ 124.80 ಅಡಿಗೆ ಬಂದಿತೆಂಬ ವಾರ್ತೆಯನ್ನು ಬಾನುಲಿಯಲ್ಲಿ ಕೇಳಿ ನಾವೆಲ್ಲ ಸಂತೋಷಪಡುತ್ತೇವೆ. ಅದಕ್ಕೂ ಹಿಂದಿನದು ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣೀವಿಲಾಸ ಸಾಗರ. ಅಲ್ಲಿಯೂ ಗಾರೆ ಇದೇ ಜಾತಿಯದು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಪೂರ್ಣ ಭಾರವನ್ನು ಕಾಣದೆ ಇದ್ದ ಕಟ್ಟೆ, ಆ ಭಾರ ಬಂದ ದಿನ ಅದನ್ನು ಅಳುಕದೆ ಹೊತ್ತಿತು.

ಇನ್ನೂ ಹಿಂದಕ್ಕೆ ಹೋದರೆ ವಿಜಯಪುರದ ಗೋಳಗುಮ್ಮಟ. ಮಹಮ್ಮದ್ ಆದಿಲ್‌ಶಾಹನ ಆ ಸಮಾಧಿಯ ಮೇಲೆ 1656ರ ವೇಳೆಗೆ ನಿಂತ ಗುಮ್ಮಟಕ್ಕೆ ಹೊರ ಅಳತೆಯಲ್ಲಿ 144 ಅಡಿ ವ್ಯಾಸ. ಬುಡದಲ್ಲಿ ಅದರ ದಪ್ಪ ಸುಮಾರು 10 ಅಡಿ. ಕಬ್ಬಿಣದ ಸಲಾಕೆಯಿಲ್ಲದೆ, ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ, ಇಟ್ಟಿಗೆ ಮತ್ತು ಸುಣ್ಣದ ಗಾರೆಗಳಿಂದ ಅದನ್ನು ಕಟ್ಟಿದರು. ಗಾರೆಯನ್ನು ಬಲು ದಪ್ಪವಾಗಿ ಹಾಕಿರುವುದರಿಂದ ಇಡೀ ಗುಮ್ಮಟ ಕಾಲಕ್ರಮದಲ್ಲಿ ಒಂದೇ ಅಖಂಡ ಶಿಲೆಯಂತಾಗಿದೆ. ಅದರ ಪಿಸುಗುಟ್ಟುವ ಮೊಗಸಾಲೆಯ ಪ್ರತಿಧ್ವನಿಯನ್ನು ಕೇಳಲು ಹೋಗುವವರು ಮೇಲಿನ ಗಾರೆಯನ್ನೂ ಒಮ್ಮೆ ಸ್ಮರಿಸಬೇಕೆಂದು ನನ್ನ ಪ್ರಾರ್ಥನೆ. ಬೆಂಗಳೂರಿನಲ್ಲಿಯೇ, 1868ರಲ್ಲಿ ಮುಗಿದು ಈಗ ಉಚ್ಚ ನ್ಯಾಯಾಲಯಕ್ಕೆ ನೆಲೆಯಾಗಿರುವ ಅಠಾರಾ ಕಚೇರಿಯಿದೆ. ನಮ್ಮ ದೇಶದಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟನ್ನು ತಯಾರಿಸತೊಡಗಿದ್ದು 1914ರಲ್ಲಿ; ಅಠಾರಾ ಕಚೇರಿಯ ಗೋಡೆಗಳಿಗೆ ಆ ವೇಳೆಗೆ ಅರ್ಧ ಶತಮಾನ ಸಮೀಪಿಸಿತ್ತು.

ಮನೆಗಳ ವಿಷಯದಲ್ಲಿ ಸುಣ್ಣದ ಕೌಶಲವೆಲ್ಲ ಕಾಣುತ್ತಿದ್ದದ್ದು ತಾರಸಿಯಲ್ಲಿ. 1898ರ ಪ್ಲೇಗಿನ ಪೀಡೆಯ ಬೆನ್ನಿಗೆ ಬಸವನಗುಡಿ ಮಲ್ಲೇಶ್ವರಗಳು ಬೆಳೆದಾಗ, ಮಂಗಳೂರು ಹೆಂಚಿನ ಮಾಡಿಲ್ಲದ ಮನೆಗಳಿಗೆ ಹಾಕುತ್ತಿದ್ದದ್ದು ಮದರಾಸು ತಾರಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಿನಲ್ಲಿ ಸುಣ್ಣದ ಗಾರೆಯಿಂದ ಕಚ್ಚಿಸಿ, ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನೂ ಸುಣ್ಣವನ್ನೂ ಕಲಸಿ ಹರಡುವರು. ಆಮೇಲೆ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ಅದನ್ನು ದಿನಗಟ್ಟಲೆ ಬಡಿಯುವರು; ಹಾಡಿನ ಲಯವೇ ಪೆಟ್ಟಿನ ಲಯ. ಬಡಿಯುತ್ತಿರುವಂತೆ ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಯಿಟ್ಟ ನೀರನ್ನು ಚಿಮುಕಿಸುವರು. ಬೆಲ್ಲದ ನೀರು ಮೂಢಾಚಾರವೆಂದು ನಕ್ಕವರುಂಟು. ಆದರೆ ಸಕ್ಕರೆಯ ಅಂಶವಿರುವ ನೀರಿನಲ್ಲಿ ಸುಣ್ಣ ಬರಿಯ ನೀರಿಗಿಂತ ಎಷ್ಟೋ ಹೆಚ್ಚಾಗಿ ಕರಗುತ್ತದೆಂಬುದು ರಸಾಯನಶಾಸ್ತ್ರಕ್ಕೆ ಸಮ್ಮತವಾದ ಸಂಗತಿ. ಹಾಗೆ ಕರಗಿದ ಸುಣ್ಣ ಸಂದುಗೊಂದುಗಳಿಗೆ ಇಳಿದು ಗಚ್ಚು ಬಿಗಿಯುತ್ತದೆ. ಅದೇ ಬೆಲ್ಲ ಸಿಮೆಂಟಿಗೆ ಬಿದ್ದರೆ ಅದು ಗಟ್ಟಿಯಾಗುವುದಕ್ಕೇ ಅಡ್ಡಿ ಮಾಡುತ್ತದೆ; ಆದ್ದರಿಂದ ಒಂದರ ಪದ್ಧತಿಯನ್ನು ಇನ್ನೊಂದಕ್ಕೆ ಅನ್ವಯಿಸತಕ್ಕದ್ದಲ್ಲ.

ಇಷ್ಟು ಗುಣವಂತವಾದ ವಸ್ತು ಬಳಕೆಯಿಂದ ತೊಲಗಿತೇಕೆ? ಕಾರಣಗಳು ನ್ಯಾಯವಾದವೇ. ಸುಣ್ಣವನ್ನು ಅರಳಿಸಿ, ಸೋಸಿ, ವಾರಗಟ್ಟಲೆ ನೀರಿನಲ್ಲಿ ಕೊಳೆಯಿಟ್ಟು, ಎತ್ತು ಕಟ್ಟಿದ ಗಾರೆಯ ಗಾಣದಲ್ಲಿ ಅರೆಯಬೇಕು. ಅರೆಯುವ ಜನ, ಬಡಿಯುವ ಜನ, ಕಾಯುವ ಯಜಮಾನ, ಮೂವರೂ ಈಗ ದುರ್ಲಭ. ಗೂಡಿನಿಂದ ಗೂಡಿಗೆ ಸುಣ್ಣದ ಗುಣ ವ್ಯತ್ಯಾಸವಾಗುತ್ತದೆ. ಬಯಲುಸೀಮೆಯ ಕಪ್ಪುಮಣ್ಣಿನಲ್ಲಿ ಸಿಗುವ ಗಂಟುಗಂಟಾದ ಸುಣ್ಣಕಲ್ಲಿನಲ್ಲಿ ಜೇಡಿ ಬೆರೆತಿರುವುದರಿಂದ ಅದು ನೀರಿನಲ್ಲಿಯೂ ಅಷ್ಟಿಷ್ಟು ಕಚ್ಚುತ್ತದೆ. ಕರಾವಳಿಯ ಚಿಪ್ಪಿನ ಸುಣ್ಣ ಬಲು ಶುದ್ಧ, ಗಿಲಾವಿಗೆ ಉತ್ತಮ, ನೀರಿಗೆ ಅಲ್ಲ. ಸಿಮೆಂಟಿನ ಚೀಲವಾದರೆ ಎಲ್ಲಿ ಬಿಚ್ಚಿದರೂ ಒಂದೇ ಗುಣ, ಮರುದಿನಕ್ಕೇ ಗಟ್ಟಿ. ಜೊತೆಗೆ, ಕಬ್ಬಿಣದ ಸಲಾಕೆಯಿಟ್ಟು ಹೊಯ್ಯುವ ಕಂಬಗಳಿಗೂ ಮಹಡಿಯ ಚಾವಣಿಗೂ ಸುಣ್ಣ ಸಾಲದು. ಅಲ್ಲಿ ಸಿಮೆಂಟೇ ಬೇಕು. ನಾಲ್ಕು ಅಂತಸ್ತಿನ ಕಟ್ಟಡವನ್ನು ಬರಿಯ ಸುಣ್ಣದಲ್ಲಿ ಎಬ್ಬಿಸಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಕಂಬಕ್ಕೆ ಬೇಕಾದದ್ದು ಗೋಡೆಯ ಸಂದಿಗೂ ಬೇಕೆಂದು ತಿಳಿದದ್ದು ನಮ್ಮ ತಪ್ಪು ಎಣಿಕೆ. ಗೋಡೆ ಕಟ್ಟುವಾಗ ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಬೆರೆಸಿದ ಮಿಶ್ರಗಾರೆ, ಅಥವಾ ಭಾರ ಕಡಮೆಯಿರುವೆಡೆ ಒಂದು, ಎರಡು, ಒಂಬತ್ತರ ಪಾಲಿನದು, ಭಾರತೀಯ ಮಾನಕಗಳಲ್ಲಿಯೂ ಒಪ್ಪಿತವಾದದ್ದೇ. ಸಿಮೆಂಟಿನಿಂದ ಬೇಗನೆ ನಿಲ್ಲುವ ಶಕ್ತಿ, ಸುಣ್ಣದಿಂದ ಮಿದುತನ ಮತ್ತು ಬೆಸುಗೆ, ಎರಡೂ ಅದರಲ್ಲಿ ಲಭ್ಯ. 1974ರಲ್ಲಿ ವಿಜ್ಞಾನ ಮಂದಿರದಲ್ಲಿ ಪ್ರಾರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿಭಾಗದವರು ಬತ್ತದ ಹೊಟ್ಟಿನ ಬೂದಿಯಂಥ ಪದಾರ್ಥಗಳನ್ನು ಸುಣ್ಣದೊಡನೆ ಅರೆದು, ಸುರ್ಕಿಯ ತತ್ತ್ವವನ್ನೇ ಹೊಸದಾಗಿ ಸಾಧಿಸಿ ತೋರಿಸಿದರು. ಸಿಮೆಂಟನ್ನು ಬೇಯಿಸಲು ಸುಮಾರು 1,450 ಡಿಗ್ರಿಯ ಉರಿ ಬೇಕೆಂಬುದನ್ನೂ, ಲೋಕದಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲಾಮ್ಲದಲ್ಲಿ ಶೇಕಡಾ 7–8ರಷ್ಟು ಸಿಮೆಂಟಿನ ಬಾಬಿನದೆಂಬುದನ್ನೂ ಎಣಿಸಿದರೆ, ತಾನು ಗೂಡಿನಲ್ಲಿ ಬಿಟ್ಟ ವಾಯುವಿನ ಬಹುಭಾಗವನ್ನು ಗೋಡೆಯಲ್ಲಿ ಕುಳಿತು ಮರಳಿ ಹೀರುವ ಸುಣ್ಣಕ್ಕೆ ಇನ್ನೊಂದು ಹೆಚ್ಚುಗಾರಿಕೆಯೂ ಸಲ್ಲುತ್ತದೆ. ಗೂಡಿಗೆ ಹಾಕಿದ ಸೌದೆ ಇದ್ದಲುಗಳ ಹೊಗೆ ಮಾತ್ರ ಹಾಗೆ ಮರಳುವುದಿಲ್ಲ, ಅದನ್ನು ಮರೆಮಾಚಬಾರದು.

ಕಡೆಯದಾಗಿ, ಹಳೆಯ ಮನೆಯುಳ್ಳವರಿಗೆ ಕೆಲವು ಮಾತು. ನಿಮ್ಮ ಗೋಡೆ ಸುಣ್ಣದ್ದೋ ಅಲ್ಲವೋ ತಿಳಿಯಬೇಕಾದರೆ ಸಂದಿನ ಗಾರೆಯನ್ನು ಬೀಗದ ಕೈಯಿಂದ ಕೆರೆದು ನೋಡಿ. ಬೆಳ್ಳಗೋ, ಸುರ್ಕಿಯಿದ್ದರೆ ನಸುಗೆಂಪಗೋ ಉದುರಿದರೆ ಅದು ಬಹುತೇಕ ಸುಣ್ಣ. ಬೂದುಬಣ್ಣವಾಗಿ ಕೆರೆಯಲೊಲ್ಲದಿದ್ದರೆ ಸಿಮೆಂಟು. ಸುಣ್ಣದ ಗೋಡೆಗೆ ಸಿಮೆಂಟಿನ ತೇಪೆ ಹಾಕಿಸಬೇಡಿ. ಸಡಿಲವಾದ ಗಾರೆಯನ್ನು ಒಂದಂಗುಲ ಆಳದವರೆಗೆ ಕೆರೆದು, ಧೂಳು ತೊಳೆದು, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಒರಟು ಮರಳಿನ ಗಾರೆಯನ್ನು ಒತ್ತಿ ತುಂಬಿಸಿ. ನೆಲಕ್ಕೆ ಹತ್ತಿರದ ವರಸೆಗಳಾದರೆ ಮರಳಿನ ಒಂದು ಪಾಲನ್ನು ಸುರ್ಕಿಯಾಗಿ ಬದಲಿಸಿ. ಸುಟ್ಟಸುಣ್ಣವನ್ನು ಮನೆಯಲ್ಲೇ ಅರಳಿಸುವುದಾದರೆ ಮಕ್ಕಳನ್ನು ದೂರವಿಟ್ಟು, ಸುಣ್ಣವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸುಣ್ಣದ ರಾಶಿಗೆ ಸುರಿಯಬಾರದು. ಸಿಡಿದ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೆಲಸಕ್ಕೆ ಕಾರ್ತಿಕ ಕಳೆದ ಮೇಲಿನ ಕಾಲ ಒಳ್ಳೆಯದು: ಮಳೆಯ ಹೊಡೆತವಿಲ್ಲ, ಸುಡುವ ಬಿಸಿಲೂ ಇಲ್ಲ. ಒದ್ದೆ ಗೋಣಿಯನ್ನು ತೂಗುಬಿಟ್ಟು ವಾರವೆರಡು ವಾರ ತೇವವಾಗಿಟ್ಟರೆ ಸಾಕು. ಸಿಮೆಂಟಿಗೆ ಹೊಯ್ಯುವಂತೆ ಧಾರಾಕಾರ ನೀರು ಹೊಯ್ದರೆ ಗಾರೆ ತೊಳೆದುಹೋಗುತ್ತದೆ. ಮೇಲೆ ಬಣ್ಣ ಬೇಕಾದರೆ ಸುಣ್ಣವನ್ನೇ ಮೂರು ಕೈ ತೆಳುವಾಗಿ ಬಳಿಸಿ, ಒಂದು ಕೈಗೂ ಇನ್ನೊಂದಕ್ಕೂ ನಡುವೆ ಪೂರಾ ಒಣಗಲು ಬಿಡಿ. ಮೇಸ್ತ್ರಿ ಅವಸರಪಡಿಸಿದರೂ ಈ ಬಿಡುವನ್ನು ಕಡಮೆ ಮಾಡಿಸಬೇಡಿ.